ಮುಳ್ಳು ಹೇಳುವ ಸುಳ್ಳು

ಹಳೆಯ ಅಂಬಾಸಿಡರಿನ ಪೆಟ್ರೋಲ್ ಮುಳ್ಳನ್ನೇ ನಂಬಿ ದೂರದೂರಿಗೆ ಹೊರಟವರು ಕಡಿಮೆ. ಮುಳ್ಳು ಅರ್ಧದಲ್ಲಿದ್ದಾಗಲೇ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಡುವುದುಂಟು; ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಬಂದರೂ ಮುಳ್ಳು ಮಲಗಿದಲ್ಲಿಂದ ಏಳದಿರುವುದೂ ಉಂಟು. ಅದಕ್ಕೇ ಎಷ್ಟೋ ಮಾಲೀಕರು ಓಡಿಸಿದ ಕಿಲೋಮೀಟರ್ ಎಣಿಸಿ ಪೆಟ್ರೋಲ್ ಹಾಕಿಸುತ್ತಾರೆ. ಡಿಕ್ಕಿಯಲ್ಲಿ ಒಂದು ಕ್ಯಾನ್ ಇದ್ದೇ ಇರುತ್ತದೆ.

ಇಂಥ ಗಾಡಿ ವರ್ಕ್‌ಶಾಪಿಗೆ ಬರುವುದು ಹೆಚ್ಚಾಗಿ ಒಂದೇ ದೂರಿನೊಂದಿಗೆ: "ಮೈಲೇಜ್ ಕೊಡ್ತಿಲ್ಲ." ಕೈ ಪಳಗಿದ ಮೆಕ್ಯಾನಿಕ್ ಆಗಲೇ ಬಾನೆಟ್ ಎತ್ತುವುದಿಲ್ಲ. "ಹೇಗೆ ನೋಡಿದ್ರಿ ಸಾರ್? ಮುಳ್ಳು ನೋಡಿಯೋ, ಟ್ಯಾಂಕ್ ತುಂಬಿಸಿಯೋ?" ಎಂದು ಕೇಳುತ್ತಾನೆ. ಮುಳ್ಳು ಬೇಗ ಕೆಳಗಿಳಿದರೆ ಎಂಜಿನ್ ಪೆಟ್ರೋಲ್ ಕುಡಿಯುತ್ತಿದೆ ಎಂದೇ ಮಾಲೀಕನಿಗೆ ಅನ್ನಿಸುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ ಬದಲಿಸಿ, ಸಾವಿರಾರು ರೂಪಾಯಿ ಸುರಿದ ಮೇಲೆ ತಪ್ಪು ಡಿಕ್ಕಿಯೊಳಗಿನ ಒಂದು ವಯರಿನದ್ದೆಂದು ತಿಳಿಯುತ್ತದೆ.

ಮೊದಲ ಕಾರುಗಳಿಗೆ ಈ ತಾಪತ್ರಯವೇ ಇರಲಿಲ್ಲ, ಮುಳ್ಳೇ ಇರಲಿಲ್ಲವಲ್ಲ! 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯಲ್ಲಿ ಸೀಟು ಎತ್ತಿ, ಟ್ಯಾಂಕಿಗೆ ಕೋಲು ಇಳಿಸಿ ನೋಡಬೇಕಿತ್ತು. ಪಂಪ್ ಇಲ್ಲದ ಆ ಗಾಡಿಯಲ್ಲಿ ಪೆಟ್ರೋಲ್ ತಾನಾಗಿ ಹರಿದು ಎಂಜಿನ್ ಸೇರಬೇಕಾದ್ದರಿಂದ, ಟ್ಯಾಂಕ್ ತಳ ಮುಟ್ಟಿದಾಗ ಕಡಿದಾದ ಏರನ್ನು ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದರು. ಫೋಕ್ಸ್‌ವ್ಯಾಗನ್ ಬೀಟಲ್ 1960ರ ದಶಕದ ಆರಂಭದವರೆಗೂ ಮೀಟರ್ ಇಲ್ಲದೆಯೇ ಓಡಿತು. ಎಂಜಿನ್ ಮುಗ್ಗರಿಸಿದಾಗ ಕಾಲಿನ ಬಳಿಯ ರಿಸರ್ವ್ ಕೀಲಿಯನ್ನು ತಿರುಗಿಸಬೇಕಿತ್ತು. ತಿರುಗಿಸಿದ್ದನ್ನು ಮರಳಿ ಹಾಕಲು ಮರೆತವನ ಪಾಡು ಮಾತ್ರ ಹೇಳತೀರದು.

ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಎರಡು ಕಾರುಗಳಲ್ಲಿ ಮುಳ್ಳು ಇತ್ತು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿಯಿಂದ ಹುಟ್ಟಿದ ಅಂಬಾಸಿಡರ್ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅದರ ಹೆಚ್ಚು ಪರಿಚಿತ ಎಂಜಿನ್ 1489 ಸಿಸಿಯದು. ಇನ್ನೊಂದು ಫಿಯಟ್ 1100, 1974ರಿಂದ ಪ್ರೀಮಿಯರ್ ಪದ್ಮಿನಿ. 1089 ಸಿಸಿ, ಹಗುರ ಮೈ, ಹಾಗಾಗಿ ಪೆಟ್ರೋಲಿನ ಹಸಿವೂ ಅಂಬಾಸಿಡರಿಗಿಂತ ಕಡಿಮೆ.

ಮೀಟರಿನ ಒಳಗುಟ್ಟು ಸರಳ. ಟ್ಯಾಂಕಿನೊಳಗೆ ತೇಲುವ ಫ್ಲೋಟ್, ಅದಕ್ಕೊಂದು ಕಡ್ಡಿ; ಕಡ್ಡಿಯ ಇನ್ನೊಂದು ತುದಿ ತೆಳು ತಂತಿಯ ಸುರುಳಿಯ ಮೇಲೆ ಜಾರುತ್ತದೆ. ಮಟ್ಟ ಇಳಿದಂತೆ ಕರೆಂಟಿಗೆ ಸಿಗುವ ತಡೆ ಬದಲಾಗುತ್ತದೆ, ಮುಳ್ಳು ಸರಿಯುತ್ತದೆ. ತಂತಿ ಸವೆಯುವ ಜಾಗದಲ್ಲಿ ಮಾಲೀಕನ ಸ್ವಭಾವವೇ ಕಾಣಿಸುತ್ತದೆ ಅನ್ನಬಹುದು. ಎಂದೂ ಟ್ಯಾಂಕ್ ತುಂಬಿಸದವನ ಗಾಡಿಯಲ್ಲಿ ಸುರುಳಿ ಕೆಳಭಾಗದಲ್ಲೇ ಸವೆದು, ಕಾಲು ಟ್ಯಾಂಕಿನ ಬಳಿ ಬಂದಾಗ ಮುಳ್ಳು ಕುಪ್ಪಳಿಸತೊಡಗುತ್ತದೆ. ಹೊಸ ಯೂನಿಟ್ ಸಿಗದಿದ್ದಾಗ ಆ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತಿಕೊಡುವುದು ಮೀಟರ್ ರಿಪೇರಿಯವರ ಕಸುಬು. ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಎಲ್ಲ ಮಾಡೆಲಿನ ಎಲ್ಲ ಸಾಮಾನು ಸಿಗುವ ಕಾಲ ಮುಗಿದಿದೆ.

ಬ್ರಿಟಿಷ್ ಮೂಲದ ಕಾರುಗಳ ಸ್ಮಿತ್ಸ್ ಮೀಟರುಗಳಲ್ಲಿ ಎರಡು ಜಾತಿ. ಹಳೆಯದರಲ್ಲಿ ಕೀ ತಿರುಗಿಸಿದ ಕೂಡಲೇ ಮುಳ್ಳು ನೆಗೆಯುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ನಂತರದ್ದು ಬಿಸಿಯಾದ ಲೋಹದ ಪಟ್ಟಿ ಬಾಗುವುದರಿಂದ ಕೆಲಸ ಮಾಡುವಂಥದ್ದು; ಮುಳ್ಳು ನಿಧಾನವಾಗಿ ಏರಿ ನೆಲೆ ನಿಲ್ಲುತ್ತದೆ. ಟ್ಯಾಂಕಿನ ವಯರ್ ಕಳಚಿದರೆ ಮೊದಲನೆಯದು "ಫುಲ್" ಅನ್ನುತ್ತದೆ, ಎರಡನೆಯದು "ಖಾಲಿ" ಅನ್ನುತ್ತದೆ. ಜಾತಿ ತಿಳಿಯದೆ ಪರೀಕ್ಷೆಗೆ ಇಳಿದವನು ಒಳ್ಳೆಯ ಮೀಟರನ್ನೇ ಕಿತ್ತುಹಾಕುತ್ತಾನೆ.

ಎರಡನೆಯ ಜಾತಿಗೆ ಒಂದು ಸ್ಟೆಬಿಲೈಸರ್ ಜೊತೆಗಿರುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಬಿಟ್ಟು ಬಿಟ್ಟು ಹಾಯಿಸಿ, ಸರಾಸರಿ 10 ವೋಲ್ಟ್ ಆಗುವಂತೆ ನೋಡಿಕೊಳ್ಳುವ ಪುಟ್ಟ ಡಬ್ಬಿ. ಅದಕ್ಕೆ ಅರ್ಥ್ ಸಿಗದಿದ್ದರೆ ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೇ ಮೇಲೇರುತ್ತವೆ. ರೇಡಿಯೇಟರ್ ಕುದಿಯುತ್ತಿದೆ ಎಂದು ಗಾಬರಿಯಾಗಿ ಗಾಡಿ ನಿಲ್ಲಿಸಿದವನಿಗೆ, ಪೆಟ್ರೋಲ್ ಏಕೆ ಹೆಚ್ಚಾಯಿತು ಎಂಬ ಅನುಮಾನ ಬರುವುದೇ ಇಲ್ಲ! ಎರಡೂ ಕೆಟ್ಟರೆ ಡ್ಯಾಶ್‌ಬೋರ್ಡಿನ ಹಿಂದೆ ನೋಡು, ಪೆಟ್ರೋಲಿನದ್ದೊಂದೇ ಕೆಟ್ಟರೆ ಟ್ಯಾಂಕಿನ ಕಡೆ ಹೋಗು ಎಂಬುದು ಕಸುಬಿನವರ ಲೆಕ್ಕ.

ಟ್ಯಾಂಕಿನ ಕಡೆಯ ಇನ್ನೊಂದು ತಂಟೆ ಫ್ಲೋಟಿನದ್ದು. ಹಿತ್ತಾಳೆಯ ಫ್ಲೋಟಿನ ಬೆಸುಗೆ ಬಿಟ್ಟರೆ ಒಳಗೆ ಪೆಟ್ರೋಲ್ ಸೇರಿ ಅದು ಮುಳುಗುತ್ತದೆ. ಆಮೇಲೆ ಟ್ಯಾಂಕ್ ತುಂಬಿದ್ದರೂ ಮುಳ್ಳು ಖಾಲಿಯೇ. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಸದ್ದು ಕೇಳುತ್ತದೆ, ಬಿಸಿನೀರಿಗೆ ಅದ್ದಿದರೆ ತೂತಿನಿಂದ ಗುಳ್ಳೆ ಏಳುತ್ತದೆ. ಒಳಗಿನ ಪೆಟ್ರೋಲನ್ನು ಪೂರ್ತಿ ಆರಿಸದೆ ಬೆಸುಗೆ ಹಾಕಲು ಹೋದರೆ ಸಿಡಿಯುವ ಅಪಾಯವಿದೆ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕಿಗೇ ಹಳಬರು ಹೆಚ್ಚು ಹೆದರುವುದು.

ಮುಳ್ಳು ನೆಟ್ಟಗಾದ ಮೇಲೂ ದೂರು ಉಳಿದರೆ ಆಗ ಅದು ಎಂಜಿನ್ನಿನ ಪಾಲು. ಫುಲ್‌ನಿಂದ ಫುಲ್‌ಗೆ ಅಳೆಯುವುದೇ ಮೊದಲ ಕೆಲಸ. ಅಲ್ಲೂ ಒಂದು ಮೋಸವಿದೆ: ಮೂಲ ಅಳತೆಗಿಂತ ಚಿಕ್ಕ ಟೈರ್ ಹಾಕಿದ್ದರೆ ಓಡೋಮೀಟರ್ ಓಡಿದ್ದಕ್ಕಿಂತ ಹೆಚ್ಚು ಬರೆದುಕೊಂಡು ಮಾಲೀಕನನ್ನು ಖುಷಿಪಡಿಸುತ್ತದೆ. ಎಸ್‌ಯು ಕಾರ್ಬ್ಯುರೇಟರ್ ಇದ್ದರೆ ಚೋಕ್ ಎಳೆದಾಗ ಕೆಳಗಿಳಿದ ಜೆಟ್ ಪೂರ್ತಿ ಮೇಲೆ ಬಂದಿದೆಯೇ ಎಂದು ನೋಡಬೇಕು. ಬಾರದಿದ್ದರೆ ಗಾಡಿ ದಿನವಿಡೀ ಚೋಕಿನಲ್ಲೇ ಓಡಿದಂತೆ. ಪ್ಲಗ್ ಬಿಚ್ಚಿದಾಗ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬಿಸ್ಕೆಟ್ ಬಣ್ಣವಿದ್ದರೆ ಸರಿ. ಪಾಯಿಂಟಿನ ಗ್ಯಾಪ್ ಸುಮಾರು 0.4 ಮಿಲಿಮೀಟರ್ ಇರಬೇಕಾದ್ದು ಸವೆದು ಕಿರಿದಾದರೆ ಕಿಡಿ ತಡವಾಗುತ್ತದೆ, ಕಾಲು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತದೆ.

ಪೆಟ್ರೋಲ್ ಬೆಲೆ ಏರಿದ 1973ರಲ್ಲಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದು ಪ್ರತಿಭಟಿಸಿದ್ದರು. ಇವತ್ತಿನ ತಕರಾರು ಬೆಲೆಯ ಜೊತೆಗೆ ಪೆಟ್ರೋಲಿನದ್ದೂ ಹೌದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20ಯಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹೊಸ ಕಾರಿನ ಕಂಪ್ಯೂಟರ್ ಮಿಶ್ರಣವನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ, ಸ್ಕ್ರೂಡ್ರೈವರೋ ಸ್ಪ್ಯಾನರೋ ಹಿಡಿದ ಕೈಯೇ ಬೇಕು. ಎಥೆನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಇನ್ನೂ ಹಳೆಯ ಗಾಡಿಗಳ ಕಾರ್ಕ್ ಫ್ಲೋಟಿಗೆ ಬಳಿದ ಅರಗಿನ ವಾರ್ನಿಷ್ ಅದರಲ್ಲಿ ಕರಗಿಹೋಗುತ್ತದೆ. ಕಾರ್ಕ್ ಪೆಟ್ರೋಲ್ ಕುಡಿದು ಮುಳುಗುತ್ತದೆ. ಅದಕ್ಕೇ ಈಗ ಅಂಥ ಗಾಡಿಯ ಟ್ಯಾಂಕ್ ಯೂನಿಟ್ ಬಿಚ್ಚಿದಾಗ ಕಾರ್ಕ್ ತೆಗೆದು ಎಥೆನಾಲ್ ತಡೆಯುವ ಫ್ಲೋಟ್ ಕೂರಿಸುವುದು ಒಳ್ಳೆಯದು. ಹೊಸ ಫ್ಲೋಟಿನ ತೂಕ ಬೇರೆಯಾದ್ದರಿಂದ ಖಾಲಿ ಟ್ಯಾಂಕಿಗೆ ಲೀಟರ್ ಲೀಟರಾಗಿ ಪೆಟ್ರೋಲ್ ಸುರಿದು, ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾ, ಕಡ್ಡಿಯನ್ನು ತುಸು ತುಸುವೇ ಬಗ್ಗಿಸಿ ಹೊಂದಿಸಬೇಕಾಗುತ್ತದೆ.