ಹಿಂದಿನ ಗಾಲಿಯ ಹಿಡಿತ

ಮುಂಬೈ–ಬೆಂಗಳೂರು ಹೆದ್ದಾರಿ ಪುಣೆ ಬಳಿಯ ವಾಕಡವನ್ನು ಸೀಳಿಕೊಂಡು ಹೋಗುತ್ತದೆ. ಒಂದು ಮಗ್ಗುಲಿಗೆ ಹಿಂಜವಡಿಯ ಐಟಿ ಕಚೇರಿಗಳ ದಾರಿ, ಇನ್ನೊಂದು ಮಗ್ಗುಲಿಗೆ ಡಾಂಗೆ ಚೌಕದವರೆಗೂ ಒತ್ತೊತ್ತಾಗಿ ಎದ್ದ ವಸತಿ ಕಟ್ಟಡಗಳು. ಇವುಗಳ ನಡುವೆ, ಸರ್ವಿಸ್ ರಸ್ತೆಯಿಂದ ತುಸು ಒಳಕ್ಕೆ, ತಗಡಿನ ಶೆಡ್ಡೊಂದರಲ್ಲಿ ಹಳೆಯ ಟಾಟಾ ಪಿಕಪ್ ಹಿಂಭಾಗ ಎತ್ತಿಕೊಂಡು ನಿಂತಿದೆ. ಜಾಕ್ ಮೇಲಲ್ಲ, ಏಕ್ಸಲ್ಲಿನ ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು. ಜಾಕನ್ನು ನಂಬಿ ಗಾಡಿಯ ಅಡಿಗೆ ಹೋಗಬಾರದೆಂಬುದು ಇಲ್ಲಿನ ಮೊದಲ ನಿಯಮ.

ಮೇಸ್ತ್ರಿ ಇಂಡಿ ತಾಲ್ಲೂಕಿನವರು. ಕೈಕೆಳಗಿನ ಹುಡುಗ ಅವರ ಅಕ್ಕನ ಮಗ. ಗಿರಾಕಿಯೊಡನೆ ಮರಾಠಿ, ಬಿಡಿಭಾಗದ ಅಂಗಡಿಯವನೊಡನೆ ಹಿಂದಿ. ಗಾಡಿಯ ಅಡಿಯಿಂದ ಮಾತ್ರ ಅಪ್ಪಟ ವಿಜಯಪುರದ ಕನ್ನಡ ಕೇಳಿಬರುತ್ತದೆ.

"ಮಾಮಾ, ಗಾಳಿ ಹೊಡೀಲೇನು?"

"ಬ್ಯಾಡೋ ತಮ್ಮಾ. ಹಳೇ ಲೈನರ್ ಐತಿ. ಅದರ ಧೂಳಿ ಎದಿಗೆ ಹೋಗಬಾರದು. ಒದ್ದಿ ಅರಿವಿಲೆ ಒರಸು."

ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವ ವಸ್ತು. ಎಷ್ಟೋ ಗ್ಯಾರೇಜುಗಳಲ್ಲಿ ಈಗಲೂ ಏರ್ ಪೈಪಿನಿಂದಲೇ ಡ್ರಮ್ ಊದುತ್ತಾರೆ. ಈ ಹುಡುಗ ಒದ್ದೆ ಬಟ್ಟೆ ಹಿಡಿದದ್ದು ನೋಡಿ ನನಗೆ ನಿಜಕ್ಕೂ ಸಮಾಧಾನವಾಯಿತು.

ಡ್ರಮ್ ಕಳಚಿದ ಮೇಲೆ ಒಳಗಿನ ಸಂಸಾರವೆಲ್ಲ ಕಾಣುತ್ತದೆ: ಅರ್ಧಚಂದ್ರಾಕಾರದ ಎರಡು ಶೂ, ಅವನ್ನು ಹಿಂದಕ್ಕೆಳೆಯುವ ಸ್ಪ್ರಿಂಗು, ಮೇಲೆ ವ್ಹೀಲ್ ಸಿಲಿಂಡರ್, ಅದರ ರಬ್ಬರಿನಿಂದ ಜಿನುಗಿ ಕೆಳಗಿನವರೆಗೂ ಇಳಿದ ಬ್ರೇಕ್ ಆಯಿಲ್. ಡ್ರಮ್ಮಿಗೂ ಒಂದು ಗುಣವಿದೆ. ತಿರುಗುವ ಗಾಲಿಯೇ ಮುಂದಿನ ಶೂವನ್ನು ಇನ್ನಷ್ಟು ಡ್ರಮ್ಮಿನತ್ತ ಎಳೆದು ಒತ್ತುವುದರಿಂದ ಪೆಡಲ್ ಮೇಲೆ ಹೆಚ್ಚು ಬಲ ಬೇಡ. ಆದರೆ ಬಿಸಿ ಅದರ ವೈರಿ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತ ಸಡಿಲುತ್ತದೆ, ಪೆಡಲ್ ಕೆಳಕ್ಕಿಳಿಯುತ್ತದೆ. ಡಿಸ್ಕಾದರೆ ಬಯಲಿನಲ್ಲಿ ಗಾಳಿಗೆ ಒಡ್ಡಿಕೊಂಡು ತಿರುಗುತ್ತದೆ. ಬಿಸಿಗೆ ತುಸು ಹಿಗ್ಗಿದರೂ ಅದನ್ನು ಒತ್ತುವ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ. 1953ರ ಲಮಾನ್ ರೇಸಿನಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ ಜಗತ್ತು ಕಂಡುಕೊಂಡದ್ದು ಇದನ್ನೇ.

ಗಾಡಿಯ ಮಾಲೀಕ ಖೇಡ್ ಶಿವಾಪುರದ ಕಡೆಯಿಂದ ವಾಕಡಕ್ಕೆ ತರಕಾರಿ ತರುತ್ತಾನೆ. ದಾರಿಯಲ್ಲಿ ಕಾತ್ರಜದ ಹೊಸ ಸುರಂಗ ದಾಟಿದೊಡನೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ, ಬರೀ ಬ್ರೇಕನ್ನೇ ನಂಬಿ ಇಳಿದ ಲಾರಿಗಳು ಅಲ್ಲಿ ಮುಂದಿನ ವಾಹನಗಳ ಮೇಲೆ ನುಗ್ಗಿ ಎಷ್ಟೋ ಜೀವ ಹೋಗಿವೆ. ಹಿಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಲು ಆ ಇಳಿಜಾರಿನ ಭಯವೇ ಇವನನ್ನು ಶೆಡ್ಡಿಗೆ ಕರೆತಂದದ್ದು.

ಡಿಸ್ಕು, ಅದನ್ನು ಹಿಡಿಯುವ ಕ್ಯಾಲಿಪರುಗಳನ್ನು ಕೊಟ್ಟದ್ದು ಮೂತಿ ಜಜ್ಜಿಹೋದ ಒಂದು ಸಫಾರಿ ಸ್ಟಾರ್ಮ್. ನಾಲ್ಕೂ ಗಾಲಿಗೆ ಡಿಸ್ಕ್ ಇದ್ದ ಈ ಗಾಡಿ 2012ರಲ್ಲಿ ಬಂತು. ಇಂಥ ಭಾಗಗಳಿಗೆ ಮೊದಲು ಕುದಳವಾಡಿಯ ಗುಜರಿ ಗೋದಾಮುಗಳಿಗೆ ಹೋದರೆ ಸಾಕಿತ್ತು. 2025ರ ಫೆಬ್ರುವರಿಯಲ್ಲಿ ಮಹಾನಗರಪಾಲಿಕೆ ಅವನ್ನು ನೆಲಸಮ ಮಾಡಿದ ಮೇಲೆ ಹುಡುಕಾಟ ಹೆಚ್ಚಾಗಿದೆ.

ಒಂದೇ ಕಂಪನಿಯ ಗಾಡಿಗಳಲ್ಲವೇ, ಸಫಾರಿಯ ಏಕ್ಸಲ್ಲನ್ನೇ ಪೂರ್ತಿ ಕೂರಿಸಬಾರದೇಕೆ ಎಂದು ಕೇಳಿದೆ. ಸಫಾರಿ ಹಿಂದುಗಡೆ ಕಾಯಿಲ್ ಸ್ಪ್ರಿಂಗಿನ ಮೇಲೆ ನಿಲ್ಲುತ್ತದೆ, ಪಿಕಪ್ ಪಟ್ಟಾ ಸ್ಪ್ರಿಂಗಿನ ಮೇಲೆ. ಹೀಗಾಗಿ ತುದಿಗಳನ್ನಷ್ಟೇ ಬದಲಿಸಬೇಕು. ಅದಕ್ಕೆ ಕ್ಯಾಲಿಪರ್ ಹಿಡಿಯುವ ದಪ್ಪ ಉಕ್ಕಿನ ಬ್ರ್ಯಾಕೆಟ್ ಲೇತಿನವನಲ್ಲಿ ತಯಾರಾಗಿ ಬಂದಿದೆ. ಮೇಸ್ತ್ರಿ ಅದನ್ನು ಕೂರಿಸಿ, ಡಿಸ್ಕ್ ತಿರುಗಿಸಿ, ಕಣ್ಣು ಸಮಕ್ಕೆ ತಂದು ನೋಡುತ್ತಾರೆ. ಡಿಸ್ಕು ಕ್ಯಾಲಿಪರಿನ ನಟ್ಟನಡುವೆ ಓಡಬೇಕು. ಅರ್ಧ ಮಿಲಿಮೀಟರ್ ತಪ್ಪಿದರೂ ಬಿಚ್ಚುತ್ತಾರೆ. ಮತ್ತೆ ಕೂರಿಸುತ್ತಾರೆ. ಮತ್ತೆ ಬಿಚ್ಚುತ್ತಾರೆ. ಮಧ್ಯಾಹ್ನ ಹೋದದ್ದೇ ಇದರಲ್ಲಿ.

ಆದರೂ ಬೋಲ್ಟ್ ಬಿಗಿದರೆ ಅರ್ಧ ಕೆಲಸವೇ ಆಯಿತು. ಡಿಸ್ಕಿಗೆ ಡ್ರಮ್ಮಿನಂತೆ ತಾನೇ ಬಿಗಿದುಕೊಳ್ಳುವ ಗುಣವಿಲ್ಲ, ಪೈಪಿನಲ್ಲಿ ಹೆಚ್ಚು ಒತ್ತಡ ಬೇಕು. ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಹೆಚ್ಚು ಆಯಿಲ್ ಕುಡಿಯುತ್ತದೆ. ಹಳೆಯ ಮಾಸ್ಟರ್ ಸಿಲಿಂಡರ್ ಅಷ್ಟನ್ನು ತಳ್ಳಲಾರದಿದ್ದರೆ ಪೆಡಲ್ ನೆಲ ಮುಟ್ಟುತ್ತದೆ. ಡ್ರಮ್ಮಿಗಾಗಿ ಪೈಪಿನಲ್ಲಿ ಸದಾ ತುಸು ಒತ್ತಡ ಉಳಿಸುವ ಪುಟ್ಟ ವಾಲ್ವ್ ಇದ್ದರೆ ಅದನ್ನೂ ತೆಗೆಯಬೇಕು. ಇಲ್ಲದಿದ್ದರೆ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತ ಕಾಯುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಉದ್ದವೂ ಬೇರೆ. ಅದನ್ನು ಹೊಂದಿಸದೆ ಗಾಡಿ ಹೊರಗೆ ಬಿಡುವವನನ್ನು ಮೇಸ್ತ್ರಿ ಕೆಲಸಗಾರನೆಂದೇ ಒಪ್ಪುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಮುಂದು–ಹಿಂದಿನ ಬ್ರೇಕಿನ ಸಮತೋಲ.

"ಬ್ರೇಕ್ ಅಂದ್ರ ನಾಲ್ಕೂ ಗಾಲಿ ಲೆಕ್ಕರಿ. ಹಿಂದಿಂದು ಮೊದಲ ಹಿಡೀತಂದ್ರ ಗಾಡಿ ಗಿರಕಿ ಹೊಡಿತೈತಿ. ಖಾಲಿ ಪಿಕಪ್‌ದಾಗ ಹಿಂದ ವಜ್ಜಿ ಎಲ್ಲೈತ್ರಿ?"

ಅದಕ್ಕೆಂದೇ ಏಕ್ಸಲ್ಲಿಗೂ ಚಾಸಿಗೂ ನಡುವೆ ಸರಳಿನಿಂದ ಜೋಡಿಸಿದ ವಾಲ್ವ್ ಇದೆ. ಭಾರ ಬಿದ್ದು ಚಾಸಿ ತಗ್ಗಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಖಾಲಿಯಿದ್ದಾಗ ಕಡಿಮೆ. ಅದರ ಸರಳನ್ನು ಹೊಸ ಬ್ರೇಕಿಗೆ ತಕ್ಕಂತೆ ಹೊಂದಿಸುವುದರಲ್ಲೇ ಈ ಕಸುಬಿನ ಬುದ್ಧಿ ಇರುವುದು. ಡಿಸ್ಕ್ ಹಾಕಿದೆವೆಂದು ಹಿಗ್ಗಿ ಇದನ್ನು ಮರೆತ ಗಾಡಿ ಹಳೆಯ ಡ್ರಮ್ಮಿಗಿಂತಲೂ ಅಪಾಯಕಾರಿ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಕೆಲಸಕ್ಕೆ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಂಡು ಬರುವಂತೆ ಮೇಸ್ತ್ರಿ ಮಾಲೀಕನನ್ನು ಕಳಿಸಿದ್ದರು.

ಸಂಜೆ ಹುಡುಗ ಪೆಡಲ್ ಒತ್ತಲು ಕೂತ. "ಹೊಡಿ… ಹಿಡಿ!" ದೂರದ ಗಾಲಿಯಿಂದ ಶುರುಮಾಡಿ ಒಂದೊಂದಾಗಿ ಬ್ರೇಕ್ ಪೈಪಿನ ಏರ್ ತೆಗೆದರು. ಗುಳ್ಳೆ ನಿಂತು ಆಯಿಲ್ ತಿಳಿಯಾಗಿ ಹರಿಯುವವರೆಗೂ ಪಾನಾ ಕೆಳಗಿಡಲಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಗಟ್ಟಿಯಾಗಿ ಒತ್ತಿದರು. ಗಾಡಿ ನೇರ ನಿಂತಿತು. ಇಳಿದು ಹಿಂದಿನ ಎರಡೂ ಡಿಸ್ಕಿನ ಹತ್ತಿರ ಅಂಗೈ ಒಡ್ಡಿ, ಒಂದೇ ಸಮ ಕಾದಿವೆಯೇ ನೋಡಿದರು. ಮಾಲೀಕ ದುಡ್ಡು ತೆಗೆದ. ಅವರು ಅರ್ಧ ಮಾತ್ರ ತಗೊಂಡರು. ಭಾರ ಹೇರಿಕೊಂಡು ಇನ್ನೊಮ್ಮೆ ಬರಬೇಕು, ವಾಲ್ವ್ ನೋಡಬೇಕು, ಎಲ್ಲ ಬೋಲ್ಟ್ ಮತ್ತೆ ಬಿಗಿಯಬೇಕು, ಅಲ್ಲಿಯವರೆಗೆ ಕಾತ್ರಜದ ಕಡೆ ಹೋಗಕೂಡದು ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು.