ಹೇಳದೆ ಬಿಟ್ಟ ಒಂದು ವಾಕ್ಯ

ನಿಜವಾಗಿ ನಡೆದ ಘಟನೆಯೊಂದು ಅಂತರ್ಜಾಲದಲ್ಲಿ ಬಾಯಿಂದ ಬಾಯಿಗೆ ಹಬ್ಬುವುದಕ್ಕೆ ಅದರ ಭೀಕರತೆಯಷ್ಟೇ ಕಾರಣವಲ್ಲ. ಹೇಳುವವರು ಯಾವ ವಿವರವನ್ನು ಮುಂದಿಟ್ಟು ಯಾವುದನ್ನು ಮರೆಮಾಡುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಸೋವಿಯತ್ ಒಕ್ಕೂಟದ ಉತ್ತರ ಉರಾಲ್ ಪರ್ವತಗಳಲ್ಲಿ 1959ರ ಫೆಬ್ರವರಿ ಮೊದಲ ವಾರ, ಇಗೊರ್ ದ್ಯಾತ್ಲೊವ್ ಎಂಬ 23 ವರ್ಷದ ಯುವಕನ ಮುಂದಾಳ್ತನದಲ್ಲಿ ಸ್ಕೀ ಚಾರಣಕ್ಕೆ ಹೊರಟಿದ್ದ ಒಂಬತ್ತು ಮಂದಿ ಮಡಿದ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ವಿವಾದಕ್ಕೆ ಎಡೆಯಿಲ್ಲದ ಸಂಗತಿಗಳೇ ಇಲ್ಲಿ ಸಾಕಷ್ಟು ವಿಚಿತ್ರವಾಗಿವೆ. ಗುಡಾರವನ್ನು ಒಳಗಿನಿಂದಲೇ ಸೀಳಲಾಗಿತ್ತು. ಹಲವರು ಬೂಟು ಕೂಡ ತೊಡದೆ ಹಿಮದ ಇಳಿಜಾರಿನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗಿನ ಕಾಡಿನತ್ತ ಹೋಗಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಕಡತ ಮುಚ್ಚಿದ ತನಿಖಾಧಿಕಾರಿಗಳು, ಮನುಷ್ಯರು ಎದುರಿಸಲಾರದ ಪ್ರಕೃತಿಶಕ್ತಿಯೊಂದು ಸಾವಿಗೆ ಕಾರಣವೆಂದಷ್ಟೇ ಬರೆದು, ಆ ಶಕ್ತಿ ಯಾವುದೆಂಬುದನ್ನು ಹೇಳದೆ ಬಿಟ್ಟರು. ಆ ಖಾಲಿ ಜಾಗದಲ್ಲಿ ಗುಪ್ತ ಆಯುಧ, ಹಿಮಮಾನವ, ಅನ್ಯಗ್ರಹದವರೆಲ್ಲ ಬಂದು ಕುಳಿತರು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರಲ್ಲಿ ವದಂತಿ ಹಬ್ಬುವ ಬಗೆಗೆ ಒಂದು ಸೂತ್ರವನ್ನು ಸೂಚಿಸಿದ್ದರು. ಅವರ ಪ್ರಕಾರ ವದಂತಿಯ ಬಲವೆಂದರೆ ವಿಷಯದ ಮಹತ್ವ ಮತ್ತು ಅದರ ಅಸ್ಪಷ್ಟತೆ, ಅಂದರೆ ಇದಮಿತ್ಥಂ ಎನ್ನಲಾಗದ ಗುಣ, ಇವೆರಡರ ಗುಣಾಕಾರ. ಮೊತ್ತವಲ್ಲ, ಗುಣಾಕಾರವಾದ್ದರಿಂದ ಎರಡರಲ್ಲಿ ಒಂದು ಸೊನ್ನೆಯಾದರೂ ವದಂತಿ ಹುಟ್ಟುವುದಿಲ್ಲ. ಹೆಚ್ಚು ಜನರನ್ನು ತಲುಪಬೇಕೆನ್ನುವ ನಿರೂಪಕನಿಗೆ ಘಟನೆಯ ಮಹತ್ವವನ್ನು ಹಿಗ್ಗಿಸುವುದು ಕಷ್ಟ, ಅಸ್ಪಷ್ಟತೆಯನ್ನು ಹಿಗ್ಗಿಸುವುದು ಸುಲಭ. ಅದಕ್ಕೆ ಸುಳ್ಳು ಹೇಳಬೇಕಾಗಿಲ್ಲ, ಒಂದು ವಾಕ್ಯವನ್ನು ಬಿಟ್ಟರೆ ಸಾಕು.

ಮೃತರಲ್ಲಿ ಒಬ್ಬಾಕೆಯ ನಾಲಿಗೆ ಇರಲಿಲ್ಲ ಎಂಬುದು ಈ ಕಥೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ವಿವರ, ಮತ್ತು ಅದು ನಿಜ. ಆದರೆ ಆ ದೇಹ ಸಿಕ್ಕಿದ್ದು ಮೂರು ತಿಂಗಳ ಬಳಿಕ, ಹಲವು ಅಡಿ ಹಿಮದ ಕೆಳಗೆ, ನೀರು ಹರಿಯುವ ಕೊರಕಲಿನಲ್ಲಿ ಎಂಬುದನ್ನೂ ಒಟ್ಟಿಗೆ ಹೇಳಿದರೆ, ಕೊಳೆಯುವ ದೇಹದಲ್ಲಿ ಮೃದು ಅಂಗಗಳು ಮೊದಲು ನಶಿಸುತ್ತವೆಂಬ ಸಾಮಾನ್ಯ ಉತ್ತರ ಎದುರಿಗೇ ನಿಲ್ಲುತ್ತದೆ. ಭಾರತೀಯ ಕಾವ್ಯಮೀಮಾಂಸೆಯ ಧ್ವನಿಯೂ, ಅಂದರೆ ಸೂಚಿತ ಅರ್ಥವೂ, ಹೇಳದೆ ಉಳಿದುದರಿಂದಲೇ ಹೊಮ್ಮುವಂಥದ್ದಲ್ಲವೇ ಎಂದು ಕೇಳಬಹುದು; ಆದರೆ ಧ್ವನಿ ಅರ್ಥವನ್ನು ಬೆಳೆಸುತ್ತದೆ, ಈ ಬಗೆಯ ಮೌನ ಅರ್ಥವನ್ನು ಕದಿಯುತ್ತದೆ.

ತನಿಖಾಧಿಕಾರಿಗಳು ಹೆಸರಿಸದ ಆ ಪ್ರಕೃತಿಶಕ್ತಿ ಯಾವುದಿರಬಹುದೆಂಬುದಕ್ಕೂ ಒಂದು ಉತ್ತರ ಸಿಕ್ಕಿದೆ. ಗುಡಾರ ಹಾಕಲು ಇಳಿಜಾರನ್ನು ಕಡಿದದ್ದರಿಂದಲೂ ಗಾಳಿ ತಂದು ಪೇರಿಸಿದ ಹಿಮದ ಭಾರದಿಂದಲೂ ಕೆಲವು ಗಂಟೆಗಳ ನಂತರ ಹಿಮಫಲಕವೊಂದು ಜಾರಿ ಮಲಗಿದ್ದವರ ಎಲುಬು ಮುರಿದಿರಬಹುದೆಂದು ಸಂಶೋಧಕರಾದ ಯೋಹಾನ್ ಗೋಮ್ ಮತ್ತು ಅಲೆಕ್ಸಾಂಡರ್ ಪುಜ್ರಿನ್ 2021ರಲ್ಲಿ ಗಣಿತದ ಮಾದರಿಯಿಂದ ತೋರಿಸಿಕೊಟ್ಟರು. ಆದರೂ ರಹಸ್ಯವನ್ನು ಪೂರ್ತಿ ಬಿಡಿಸಿದ್ದೇವೆಂದು ಅವರು ಹೇಳಿಕೊಳ್ಳಲಿಲ್ಲ. ಆ ರಾತ್ರಿ ನಡೆದುದನ್ನು ಕಂಡವರಾರೂ ಬದುಕಿ ಉಳಿದಿರಲಿಲ್ಲ.