ಮರವೇ ಮರವನ್ನು ಹಿಡಿಯಬೇಕು

ಮನೆಯ ಟೆಲಿವಿಷನ್ನಿಗೆ ಮರದ ಕಪಾಟೊಂದನ್ನು ನಾವೇ ಮಾಡಹೊರಟೆವೆಂದು ಭಾವಿಸೋಣ. ಹಲಗೆಗಳನ್ನು ಚೌಕವಾಗಿ ಜೋಡಿಸಿ ಮೂಲೆಗಳಿಗೆ ಮೊಳೆ ಹೊಡೆದರೆ ಕೆಲಸ ಮುಗಿದಂತೆ ತೋರುತ್ತದೆ. ಆದರೆ ವರ್ಷವೊಂದು ಕಳೆಯುವುದರೊಳಗೆ ಅದು ಓಲಾಡತೊಡಗಬಹುದು. ಹಲಗೆಯೂ ಗಟ್ಟಿ, ಮೊಳೆಯೂ ಗಟ್ಟಿ. ಹಾಗಾದರೆ ಕಪಾಟು ಸಡಿಲವಾದುದೇಕೆ?

ಇದನ್ನು ತಿಳಿಯಲು ಮರದ ಸ್ವಭಾವವನ್ನು ಅರಿಯಬೇಕು. ಮರವೆಂದರೆ ಉದ್ದನೆಯ ನಾರುಗಳ ಕಟ್ಟು. ಮಳೆಗಾಲದಲ್ಲಿ ಅದು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಈ ವ್ಯತ್ಯಾಸವು ನಾರಿನ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಅತ್ಯಲ್ಪ. ಹಲಗೆಯ ಕೊನೆಯಲ್ಲಿರುವುದು ನಾರುಗಳ ತುದಿ. ಅಲ್ಲಿಗೆ ಹೊಡೆದ ಮೊಳೆಗೆ ಹಿಡಿತ ಕಡಿಮೆ. ಅಲ್ಲಿ ಸವರಿದ ಅಂಟು ಒಳಕ್ಕೆ ಇಂಗಿಹೋಗುತ್ತದೆ.

ಇದಕ್ಕೆ ಬಡಗಿಗಳು ಬಹು ಹಿಂದೆಯೇ ಉಪಾಯವನ್ನು ಕಂಡುಕೊಂಡರು. ಅಡ್ಡಪಟ್ಟಿಯ ತುದಿಯನ್ನು ಎರಡೂ ಮಗ್ಗುಲಲ್ಲಿ ಕೊಯ್ದು, ನಡುವೆ ನಾಲಗೆಯೊಂದನ್ನು ಉಳಿಸುತ್ತಾರೆ. ಅದರ ದಪ್ಪ ಪಟ್ಟಿಯ ದಪ್ಪದ ಸುಮಾರು ಮೂರನೆಯ ಒಂದು ಭಾಗ. ನಿಲುವುಗಾಲಿನಲ್ಲಿ ಅದೇ ಅಳತೆಯ ಕುಳಿಯನ್ನು ಉಳಿಯಿಂದ ತೋಡುತ್ತಾರೆ. ಕೊಡತಿಯಿಂದ ಮೆಲ್ಲನೆ ತಟ್ಟಿದಾಗ ನಾಲಗೆಯು ಕುಳಿಯಲ್ಲಿ ಕೂರಬೇಕು. ಬಿಗಿ ಹೆಚ್ಚಾದರೆ ಕಾಲು ಸೀಳುತ್ತದೆ. ಸಡಿಲವಾದರೆ ಅಂಟು ಹಿಡಿಯದು. ಇಲ್ಲಿ ಅಂಟು ಬೀಳುವುದು ನಾರಿನ ತುದಿಗಲ್ಲ, ಅಗಲವಾದ ಮೈಗೆ. ಭಾರವನ್ನು ಮೊಳೆಯ ಬದಲು ಮರವೇ ಹೊರುತ್ತದೆ.

ಆದರೂ ಚೌಕಕ್ಕೆ ಇನ್ನೊಂದು ದೌರ್ಬಲ್ಯವುಂಟು. ನಾಲ್ಕು ಕಡ್ಡಿಗಳನ್ನು ಮೂಲೆಗೊಂದು ಗುಂಡುಸೂಜಿಯಿಂದ ಜೋಡಿಸಿ ಪಕ್ಕಕ್ಕೆ ತಳ್ಳಿ ನೋಡಿರಿ, ಚೌಕವು ಓರೆಯಾಗುತ್ತದೆ. ಐದನೆಯ ಕಡ್ಡಿಯೊಂದನ್ನು ಮೂಲೆಯಿಂದ ಮೂಲೆಗೆ ಸೇರಿಸಿರಿ. ಆಗ ಅದು ಅಲುಗದು. ತ್ರಿಕೋನದ ಬಲ ಅಂಥದು. ಕಪಾಟಿನ ಬೆನ್ನಿಗೆ ಬಡಿದ ಪ್ಲೈವುಡ್ ಹಾಳೆಯು ಈ ಐದನೆಯ ಕಡ್ಡಿಯ ಕೆಲಸವನ್ನೇ ಮಾಡುತ್ತದೆ. ತಂತಿಗಳಿಗೂ ಗಾಳಿಗೂ ಅದರಲ್ಲಿ ಕಿಂಡಿ ಬಿಟ್ಟರೆ ಸಾಕು.

ಮೇಲುಹಲಗೆಯನ್ನು ಮಾತ್ರ ಬಿಗಿದು ಬಂಧಿಸಬಾರದು. ಅದರ ತಿರುಪುಗಳಿಗೆ ಉದ್ದನೆಯ ರಂಧ್ರವನ್ನು ಕೊರೆದರೆ, ಹಲಗೆಯು ಸೀಳದೆ ಹಿಗ್ಗಿ ಕುಗ್ಗಬಲ್ಲುದು.

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆ? ಕಪಾಟನ್ನು ಹಿಡಿದು ಮೇಲೇರಲು ಯತ್ನಿಸುವ ಪುಟ್ಟ ಮಗುವನ್ನು ನೆನೆಯಿರಿ. ಸಡಿಲವಾದ ಕಪಾಟು ವಾಲಿದರೆ ಟೆಲಿವಿಷನ್ ಮಗುವಿನ ಮೇಲೆಯೇ ಬಿದ್ದೀತು. ಆದುದರಿಂದ ಕಪಾಟನ್ನೂ ಟೆಲಿವಿಷನ್ನನ್ನೂ ಗೋಡೆಗೆ ಬಿಗಿಯುವುದು ಲೇಸು. ಮೆರುಗೆಣ್ಣೆ ಬಳಿದ ಮೇಲೆ ಒಳಗಿನ ನಾಲಗೆ ಯಾರ ಕಣ್ಣಿಗೂ ಬೀಳದು. ಆದರೂ ಒಳ್ಳೆಯ ಬಡಗಿಯು ಅದನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊಯ್ಯುತ್ತಾನೆ.